ಅತ್ತೆಯ ಕವೆಗೋಲು

ಮಡಕಶಿರಾದಲ್ಲಿ ಮೊಣಕಾಲು ನೋವಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಾಳೆ. ಮೊನ್ನೆ ಅವಳು ನನ್ನ ಕಾಲು ನೋಡುವ ಮೊದಲು ಕೈಗೆ ಬಲ ಅಳೆಯುವ ಹಿಡಿಕೆಯೊಂದನ್ನು ಕೊಟ್ಟು, "ಗಟ್ಟಿಯಾಗಿ ಅದುಮಿ ಅಜ್ಜಿ" ಅಂದಳು. ಅದರ ಮೇಲೊಂದು ಗಡಿಯಾರದಲ್ಲಿರುವಂಥ ಮುಳ್ಳು. ಅದುಮಿದೆ. ಮುಳ್ಳು ಸೋಮಾರಿ ಅಳಿಯನ ಹಾಗೆ ಅರ್ಧಕ್ಕೆದ್ದು ಮತ್ತೆ ಮಲಗಿತು.

"ನೋವು ಕಾಲಿಗಮ್ಮಾ, ಕೈ ಯಾಕ ನೋಡ್ತೀ?"

"ಕೈ ಸೋತಿದ್ರೆ ಕಾಲೂ ಸೋತಿರೋದೇ ಹೆಚ್ಚು. ನೆಂಟರು ಅವು."

ನನಗೆ ಬೇಕಿದ್ದದ್ದು ಒಂದೇ ಉತ್ತರ: ಮತ್ತೆ ಮುದ್ದೆ ತಿರುವಬಹುದೋ, ಇಲ್ಲವೋ? ಎರಡು ತಿಂಗಳಿಂದ ಸೊಸೆ ನನಗೆ ಮುದ್ದೆಕೋಲು ಮುಟ್ಟಗೊಟ್ಟಿಲ್ಲ.

ಈ ನೆಂಟಸ್ತನವೇನು ನನಗೆ ಹೊಸದಲ್ಲ ಬಿಡಿ. ನಾನು ರಾಯದುರ್ಗದವಳು, ಜೋಳದ ರೊಟ್ಟಿ ಬಡಿದು ಬೆಳೆದ ಕೈ. ಅಮರಾಪುರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಕಡಲೆಕಾಯಿ ಕೀಳುವ ಆಳುಗಳಿಗೆ ಮುದ್ದೆಯಾಗಬೇಕಿತ್ತು. ಅತ್ತೆ ಕೋಲಿಗೆ ಕೈ ಹಾಕಿದರೆ, "ನೀವು ಕುಂದರ್ರಿ, ನಮ್ಮ ಕಡೆಯವರ ರಟ್ಟೆ ನೋಡ್ರಿ" ಅಂದುಬಿಟ್ಟೆ. ಬಾಗಿಲಲ್ಲಿ ತಟ್ಟೆ ಹಿಡಿದ ಹನ್ನೆರಡು ಜನ. ತವರಿನ ಮಾನವೆಲ್ಲ ಆ ಪಾತ್ರೆಯಲ್ಲಿತ್ತು.

ಪಾತ್ರೆ ಇಳಿಸಿ, ರೊಟ್ಟಿಗೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂತು ಕೋಲು ತಿರುವಿದೆ. ಹಿಟ್ಟು ಜಪ್ಪಯ್ಯ ಅನ್ನಲಿಲ್ಲ; ಪಾತ್ರೆಯೇ ಗಿರಗಿರ ತಿರುಗಿತು.

"ಅಕ್ಕಾ, ನಿಮ್ಮೂರಲ್ಲಿ ಪಾತ್ರೆ ತಿರುವ್ತಾರಾ?" ಅಂದಳು ತಟ್ಟೆಯವಳೊಬ್ಬಳು.

ಅತ್ತೆ ನಗಲಿಲ್ಲ. ಕವಲೊಡೆದ ಕವೆಗೋಲನ್ನು ಪಾತ್ರೆಯ ಕತ್ತಿಗೆ ಸಿಕ್ಕಿಸಿ, ನನ್ನ ಕಾಲು ಮುಂದಕ್ಕೆ ಚಾಚಿಸಿ, ಅದರ ತುದಿಗಳನ್ನು ಪಾದದಡಿಗೆ ತಳ್ಳಿದರು.

"ಹಿಮ್ಮಡಿ ಊರು ಕಣವ್ವಾ. ಸೊಂಟ ಬಿಗಿ ಮಾಡು. ರಟ್ಟೆ ತಾನಾಗೇ ಬತ್ತದೆ."

ಊರಿದೆ. ನೆಲದಿಂದೆದ್ದ ಬಲ ತೊಡೆ, ಸೊಂಟ, ಬೆನ್ನು ಹತ್ತಿ ಕೈಗಿಳಿಯಿತು. ಹಿಟ್ಟು ಕೋಲಿನ ಮಾತು ಕೇಳಿತು. ಮುದ್ದೆಯಲ್ಲಿ ಒಂದೂ ಗಂಟಿರಲಿಲ್ಲ. ಒಂದೆರಡು ಇದ್ದವೇನೋ, ಹಸಿದವರು ಹೇಳಲಿಲ್ಲ.

"ಇನ್ನೊಂದು ಸಲ ಅಜ್ಜಿ" ಅಂದಳು ವ್ಯಾಯಾಮದ ಹುಡುಗಿ. ಚಪ್ಪಲಿ ಬಿಟ್ಟು, ಹಿಮ್ಮಡಿ ಊರಿ, ಸೊಂಟ ಬಿಗಿದು ಅದುಮಿದೆ. ಮುಳ್ಳು ಎದ್ದು ನಿಂತಿತು!

"ಕಾಲು ಯಾಕೆ ಒತ್ತಿದ್ರಿ?"

"ಪಾತ್ರೆ ತಿರುಗಬಾರದಲ್ಲಮ್ಮಾ."

ಅವಳು ಕವೆಗೋಲಿನ ಕಥೆ ಕೇಳಿ ನಕ್ಕು, ಕಾಲು ಅದುಮಿ ನೋಡಿ, ತೀರ್ಪು ಕೊಟ್ಟಳು: ಕೈಗೆ ಅಡ್ಡಿಯಿಲ್ಲ, ಕಾಲಿಗೆ ಇನ್ನೂ ಒಂದು ತಿಂಗಳು ವ್ಯಾಯಾಮ, ಅಲ್ಲಿಯವರೆಗೆ ಕವೆಗೋಲು ಮೆಟ್ಟುವ ಹಾಗಿಲ್ಲ.

ಮನೆಗೆ ಬಂದಾಗ ಸೊಸೆ ಒಲೆಯ ಮುಂದಿದ್ದಳು. "ಏನಂದ್ರು ಅತ್ತೆ?"

"ಕೋಲು ಇತ್ತ ಕೊಡವ್ವಾ. ಕವೆಗೋಲು ನೀನು ಮೆಟ್ಟು."

ಅವಳು ಮೆಟ್ಟಿದಳು, ನಾನು ತಿರುವಿದೆ. ಅವಳ ಕಾಲು, ನನ್ನ ಕೈ. ಪಾತ್ರೆ ಅಲುಗಲಿಲ್ಲ ನೋಡಿ.