ಯಾರು ಮುಟ್ಟಿದ್ದು?

ಇವತ್ತು ಬೆಳಿಗ್ಗೆ ಕಪಾಟಿನ ಬಾಗಿಲು ಎಳೆದೆ. ಬಾಗಿಲು ಅಲ್ಲೇ ನಿಂತಿತು, ಹಿಡಿ ಮಾತ್ರ ಕೈಗೆ ಬಂತು. ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆದರೂ ಬಾಯಿಂದ ತಾನಾಗಿ ಹೊರಟಿತು: "ನಾನಲ್ಲ!" ನೀವಾಗಿದ್ದರೂ ಹಾಗೇ ಅನ್ನುತ್ತಿದ್ದಿರಿ, ಸುಳ್ಳು ಹೇಳಬೇಡಿ. ಮುರಿದ ಸಾಮಾನು ಕೈಯಲ್ಲಿರುವಾಗ ಯಾರಾದರೂ ಮೊದಲು ನೋಡುವುದು ಸಾಕ್ಷಿ ಇದ್ದಾರೆಯೇ ಎಂದು. ಅಂಟು ಹುಡುಕುವುದು ಆಮೇಲೆ.

ನನಗೆ ಈ ಗುಣ ಅಪ್ಪನಿಂದ ಬಂದದ್ದು. ಅಪ್ಪ ಮುಂಬಯಿಯ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಸೂಪರ್‌ವೈಸರ್. ದಿನವಿಡೀ ಟೇಬಲುಗಳ ನಡುವೆ ನಿಂತೇ ಇರುವ ಕೆಲಸ. ಬೆನ್ನ ಹಿಂದೆ ಲೋಟ ಬಿದ್ದರೆ, ತಿರುಗಿ ನೋಡದೆ ಯಾವ ವೇಟರಿನ ಕೈಯಿಂದ ಬಿತ್ತು ಎಂದು ಹೇಳಬಲ್ಲರು. ಆ ವಿದ್ಯೆಯನ್ನು ಹೋಟೆಲಿನಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಟಿಫಿನ್ ಡಬ್ಬಿಯ ಜೊತೆ ಅದನ್ನೂ ಅಂಧೇರಿಯ ಮನೆಗೆ ತರುತ್ತಿದ್ದರು. ಮನೆಯಲ್ಲಿ ಒಂದು ಮೊಳೆ ಸಡಿಲವಾದರೂ ಸಾಕು, ಬಾಗಿಲಲ್ಲೇ ನಿಂತು ಗಾಳಿಯ ವಾಸನೆ ನೋಡಿ ಕೇಳುತ್ತಿದ್ದರು: "ಯಾರು ಮುಟ್ಟಿದ್ದು?"

ವಸ್ತುಗಳು ತಾವಾಗಿ ಮುರಿಯುತ್ತವೆ ಎಂಬುದನ್ನು ಅಪ್ಪ ಒಪ್ಪುವವರಲ್ಲ. ಹಿಂದಿಯವರು ಜಾಣರು, "ಟೂಟ್ ಗಯಾ" ಅಂದುಬಿಟ್ಟರೆ ಅಲ್ಲಿಗೆ ಕೇಸು ಮುಗಿಯಿತು. ನಾನೊಮ್ಮೆ ಅದನ್ನೇ ಪ್ರಯೋಗಿಸಿ ನೋಡಿದೆ. "ಅಪ್ಪ, ಸ್ಟೂಲ್ ಟೂಟ್ ಗಯಾ." ಅಪ್ಪ ಅದೇ ಹಿಂದಿಯಲ್ಲಿ ನನ್ನನ್ನು ಹಿಡಿದರು. "ತೋಡಾ ಕೌನ್? ಮುರಿದದ್ದು ಯಾರು?"

ನಾನು ಹೇಳಹೊರಟಿರುವುದು ನಾನು ಕಾಲೇಜಿನಲ್ಲಿದ್ದಾಗಿನ ಒಂದು ಮಳೆಗಾಲದ ಸಂಗತಿ. ಆ ವರ್ಷ ನಮ್ಮ ಮನೆಗೆ ಏನೋ ಬಡಿದಿತ್ತು. ಮೊದಲು ಚಪ್ಪಲಿ ಸ್ಟ್ಯಾಂಡು ಒಂದು ಕಡೆ ವಾಲಿತು. ಆಮೇಲೆ ಅಡುಗೆಮನೆ ಬಾಗಿಲಿನ ಹಿಡಿ ಕಿತ್ತು ಬಂತು, ಅದೂ ನನ್ನ ಕೈಯಲ್ಲೇ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಮ್ಮನಿಗೆ ಹೇಳಿದರು: "ಮಗ ಕೈಗೆ ಬರ್ತಾನೆ ಅಂತ ನಾವು ಕಾದದ್ದು. ಬಂದದ್ದು ಬಾಗಿಲಿನ ಹಿಡಿ." ಅದಾದ ಮೇಲೆ ಬೇಸಿನ್ ಗೋಡೆ ಬಿಟ್ಟು ಮುಂದಕ್ಕೆ ಬಾಗಿತು. ಕುರ್ಚಿಯ ಕೈ ಅಲ್ಲಾಡತೊಡಗಿತು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಅಮ್ಮನಿಗೆ ಎದುರುಮನೆಯ ಮರಾಠಿ ಕಾಕುವಿನ ಮೇಲೆ ಅನುಮಾನ. "ಹಬ್ಬಕ್ಕೆ ಬಂದವಳು ನಮ್ಮ ಬೇಸಿನ್ ನೋಡಿ 'ಕಿತಿ ಛಾನ್', ಎಷ್ಟು ಚಂದ ಅಂದಳಲ್ಲ, ಆವತ್ತೇ ನಂಗೆ ಧಸಕ್ ಅಂತು." ರಿಪೇರಿಗೆ ಬರುತ್ತಿದ್ದ ಬಡಗಿ ಮೆಹಬೂಬ್ ಚಾಚಾ ವಿಜಾಪುರದ ಕಡೆಯವರು, ಅವರು ಎಲ್ಲ ತಪ್ಪನ್ನೂ ಸಮುದ್ರದ ತಲೆಗೆ ಕಟ್ಟುತ್ತಿದ್ದರು. "ದರಿಯಾದ ಹವಾ ಐತ್ರೀ ಅಕ್ಕಾರ. ಕಬ್ಬಿಣಾನ ತಿಂತೈತಿ, ಲಕಡಿ ಬಿಡ್ತೈತೇನ್ರೀ?" ಹೀಗೆನ್ನುತ್ತ ಹಳೇ ತೂತಿಗೇ ಬೆಂಕಿಕಡ್ಡಿ ತುರುಕಿ, ಹಳೇ ಸ್ಕ್ರೂ ತಿರುಗಿಸಿ, ಚಾ ಕುಡಿದು ಹೋಗುವರು. ನಾನೂ ಬಿಡಲಿಲ್ಲ. ಹೊಟ್ಟು ಒತ್ತಿ ಮಾಡಿದ ಹಲಗೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಹಳಿಯ ಪಕ್ಕದ ಬಿಲ್ಡಿಂಗು, ಲೋಕಲ್ ರೈಲು ಹೋದಾಗಲೆಲ್ಲ ನಡುಗುತ್ತದೆ, ನಟ್ಟು ಸಡಿಲವಾಗುತ್ತದೆ ಎಂದು ದೊಡ್ಡ ಭಾಷಣ ಬಿಗಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ಲೋಕಲ್ ಬಂದು ನಮ್ಮ ಬೇಸಿನ್ ಹಿಡ್ಕೊಂಡು ನೇತಾಡಿತಾ?"

ಅಪ್ಪನಿಗೆ ಅಪರಾಧಿ ಯಾರೆಂದು ಗೊತ್ತಾಗಿಬಿಟ್ಟಿತ್ತು: ಸುಧಾಕರ ಮಾವ. ಅಮ್ಮನ ತಮ್ಮ. ಪವಾಯಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ ಸಿಕ್ಕಿ, ಬೇರೆ ಜಾಗ ಸಿಗದೆ, ನಮ್ಮ ಹಾಲ್‌ನ ಸೋಫಾದಲ್ಲಿ ಮಲಗುತ್ತಿದ್ದ. ಆಳು ಎತ್ತರ, ಅಗಲವೂ ಅಷ್ಟೇ. ಅವನು ಕೂತರೆ ಸೋಫಾ ಒಂದು ಮಾತು ಆಡಿಯೇ ಆಡುತ್ತಿತ್ತು. "ಹಗಲಿಡೀ ರಿಪೇರಿ, ಮನೆಗೆ ಬಂದು ಮುರಿಯುದು. ಅಭ್ಯಾಸ ತಪ್ಪಬಾರ್ದಲ್ಲ," ಎಂದು ಅಪ್ಪ ಅವನಿಗೆ ಕೇಳುವ ಹಾಗೆಯೇ ಅನ್ನುತ್ತಿದ್ದರು. ಮಾವ ನಕ್ಕುಬಿಡುತ್ತಿದ್ದ. ಆದರೆ ಬಚ್ಚಲಿನ ಟವೆಲ್ ರಾಡು ಗೋಡೆಯ ಗಾರೆ ಸಮೇತ ಕೆಳಗೆ ಬಿದ್ದ ದಿನ ಅಪ್ಪ ತಮಾಷೆ ಮಾಡಲಿಲ್ಲ. ಅಮ್ಮನನ್ನು ಕರೆದು ಹೇಳಿದರು: "ಇನ್ನೊಂದು ಮುರಿದ್ರೆ ನಿನ್ನ ತಮ್ಮ ಬೇರೆ ರೂಮ್ ನೋಡ್ಕೊಳ್ಳಲಿ."

ಮುಂಬಯಿಯಲ್ಲಿ ಈ ಮಾತಿನ ತೂಕ ನಿಮಗೆ ಗೊತ್ತಿರಬೇಕು. ಮಾವ ಅಂದಿನಿಂದ ಮನೆಯಲ್ಲಿ ಕಳ್ಳನ ಹಾಗೆ ಓಡಾಡತೊಡಗಿದ. ಬಾಗಿಲನ್ನು ಒಂದು ಬೆರಳಿನಿಂದ ತಳ್ಳುವನು. ಸೋಫಾ ಬಿಟ್ಟು ನೆಲದ ಮೇಲೆ ಚಾಪೆ ಹಾಸಿಕೊಂಡ. ಅಮ್ಮ ಅವನ ಹಿಂದೆಯೇ ಹೋಗಿ, ಅವನು ಮುಟ್ಟಿದ್ದನ್ನೆಲ್ಲ ಅಲ್ಲಾಡಿಸಿ ನೋಡುತ್ತಿದ್ದಳು. ನಾನು ಇಬ್ಬರ ಮೇಲೂ ಒಂದು ಕಣ್ಣಿಟ್ಟಿದ್ದೆ. ಮೂವರೂ ಒಬ್ಬರನ್ನೊಬ್ಬರು ಕಾಯುವ ಪೊಲೀಸರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ನನಗೆ ಬರುವ ವಿದ್ಯೆ ಒಂದೇ, ಅಣಕ. ಕಾಕುವಿನ ಮೂಗು ಮುರಿಯುವಿಕೆ, ಚಾಚಾ ಕಿವಿಯ ಮೇಲೆ ಪೆನ್ಸಿಲ್ ಹುಡುಕುವುದು, ಕೊನೆಗೆ ಹುಡುಗಿಯರ ಎದುರು ಧ್ವನಿ ದಪ್ಪ ಮಾಡಿಕೊಂಡು ಪೇಚಿಗೆ ಸಿಕ್ಕುವ ನನ್ನನ್ನೇ ನಾನು ಮಾಡಿ ತೋರಿಸುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ, ಅಪ್ಪ ಹೋಟೆಲಿನಲ್ಲಿದ್ದಾಗ, ಮಾವನ ಜೋಲು ಮುಖ ನೋಡಲಾರದೆ ಅಮ್ಮ ಹೇಳಿದಳು: "ಅಪ್ಪ ಮನೆಗೆ ಬರುದು ಒಮ್ಮೆ ಮಾಡಿ ತೋರ್ಸು ಮಾರಾಯ, ಇವ ಸ್ವಲ್ಪ ನಗಲಿ."

ನಾನು ಹೊರಗೆ ಹೋಗಿ ಒಳಗೆ ಬಂದೆ. ಮೂಗು ಮೇಲೆತ್ತಿ ವಾಸನೆ. "ಯಾರು ಮುಟ್ಟಿದ್ದು?" ಅಮ್ಮ ಆಗಲೇ ಸೆರಗು ಬಾಯಿಗೆ ಇಟ್ಟುಕೊಂಡಳು. ಅಣಕಕ್ಕೆ ಬರೀ ಧ್ವನಿ ಸಾಲದು, ಮೈ ಬೇಕು. ಹಾಗಾಗಿ ಅಪ್ಪನ ಹಾಗೆಯೇ ಚಪ್ಪಲಿ ಬಿಟ್ಟೆ, ಕೈ ಸ್ಟ್ಯಾಂಡಿನ ಮೇಲೆ ಊರಿತು. ಅಡುಗೆಮನೆಗೆ ಇಣುಕಿದೆ, ಕೈ ಬಾಗಿಲಿನ ಹಿಡಿಗೆ ಹೋಯಿತು. ಬೇಸಿನ್ನಿಗೆ ಒರಗಿ ಮುಖ ತೊಳೆದೆ. ಟವೆಲ್ ರಾಡು ಇದ್ದ ಜಾಗದಲ್ಲಿ ಗಾಳಿಯನ್ನು ಹಿಡಿದು ತಿರುಗಿದೆ. ಕುರ್ಚಿಯ ಕೈಯ ಮೇಲೆ ಪೂರ್ತಿ ಭಾರ ಹಾಕಿ "ಉಸ್ಸಪ್ಪಾ" ಎಂದು ಕೂತೆ.

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಮಾವ ನಗಲಿಲ್ಲ.

"ಇನ್ನೊಮ್ಮೆ ಮಾಡು," ಅಂದ.

ಮಾಡಿದೆ. ಈ ಸಲ ನನ್ನ ಕೈ ಹೋದಲ್ಲೆಲ್ಲ ನನ್ನ ಕಣ್ಣೂ ಹೋಯಿತು. ಸ್ಟ್ಯಾಂಡು, ಹಿಡಿ, ಬೇಸಿನ್, ರಾಡು, ಕುರ್ಚಿ. ಮುರಿದದ್ದೆಲ್ಲ ಒಂದೇ ದಾರಿಯಲ್ಲಿತ್ತು. ಬಾಗಿಲಿನ ಹಿಡಿ ಕಿತ್ತು ಬಂದದ್ದು ನನ್ನ ಕೈಗೇ ಹೌದು. ಅದನ್ನು ತಿಂಗಳುಗಟ್ಟಲೆ ಸಡಿಲ ಮಾಡಿದವರು ಬೇರೆ.

"ಭಾವನಿಗೆ ಕಾಲಲ್ಲಿ ಬಲ ಇಲ್ಲ ಅಕ್ಕ, ಸಿಕ್ಕಿದ್ದನ್ನು ಹಿಡ್ಕೊಂಡೇ ನಡೀತಾರೆ," ಅಂದ ಮಾವ.

ಅಮ್ಮನ ನಗು ಅಲ್ಲೇ ನಿಂತಿತು. "ಒಂದು ದಿನ ನೋವು ಅಂತ ಹೇಳ್ಲಿಲ್ಲ ನೋಡು ಮಹಾನುಭಾವರು." ಮತ್ತೆ ಅವಳೇ ಅಂದಳು, "ಹೇಗೆ ಹೇಳ್ತಾರೆ? ನಿಂತು ಮಾಡುವ ಕೆಲಸ. ಧಣಿಗಳಿಗೆ ಗೊತ್ತಾದ್ರೆ ಮನೇಲಿ ಕೂತ್ಕೊಳ್ಳಿ ಅಂತಾರೆ." ಆಮೇಲೆ ಸಿಟ್ಟು ಬಂತು. "ಸಂಜೆ ಬರಲಿ, ಕೇಳಿಯೇ ಕೇಳ್ತೇನೆ. ಮುರಿಯುದು ಅವರು, ಮನೆ ಬಿಡುದು ನೀನಾ?"

ಮಾವ ಬೇಡವೆಂದು ತಲೆಯಾಡಿಸಿದ.

ಮರುದಿನ ಅವನು ರಜೆ ಹಾಕಿ ಗೋಡೆಗೆ ಹೊಡೆಯುವ ಸ್ಟೀಲ್ ರಾಡುಗಳನ್ನು ತಂದ, ಜೊತೆಗೆ ಚಾಚಾನನ್ನೂ. ಚಾಚಾ ಡ್ರಿಲ್ ಹಿಡಿದು, "ಎಷ್ಟ್ ಎತ್ತರಕ್ಕ ಹೊಡೀಲ್ರೀ?" ಎಂದು ಕೇಳಿದರು. ಮಾವ ನನ್ನ ಕಡೆ ತಿರುಗಿ, "ನೀನು ಭಾವ ಆಗಿ ನಿಲ್ಲು," ಎಂದ. ನಾನು ಮನೆಯಿಡೀ ಅಪ್ಪನಾಗಿ ನಡೆದೆ. ನನ್ನ ಕೈ ಹೋದಲ್ಲೆಲ್ಲ ಪೆನ್ಸಿಲಿನ ಗುರುತು ಬಿತ್ತು. ಯಾರೂ ನಗದ ನನ್ನ ಅಣಕ ಅದೊಂದೇ ಇರಬೇಕು.

ಸಂಜೆ ಅಪ್ಪ ಬಾಗಿಲಲ್ಲೇ ನಿಂತರು. "ಎಂತ ಇದು?"

"ನಂಗೋಸ್ಕರ, ಭಾವ," ಅಂದ ಮಾವ. "ನಾನು ದಪ್ಪ ಅಲ್ವಾ? ಹಿಡ್ಕೊಂಡದ್ದೆಲ್ಲ ಮುರೀತದೆ. ಇದು ಮುರಿಯುದಿಲ್ಲ."

"ಈಗಾದ್ರೂ ಒಪ್ಪಿಕೊಂಡೆಯಲ್ಲ," ಎನ್ನುತ್ತ ಅಪ್ಪ ಬಾಗಿಲ ಪಕ್ಕದ ರಾಡನ್ನೇ ಹಿಡಿದು ಚಪ್ಪಲಿ ಬಿಟ್ಟರು. ಅಮ್ಮ ಸರಕ್ಕನೆ ಒಳಗೆ ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ಗೋಡೆಗಳಿಂದ ಏನೂ ಕಿತ್ತು ಬಂದಿಲ್ಲ. ನೆಂಟರು, "ಇದೇನು, ಮನೆಯೋ ಲೋಕಲ್ ಡಬ್ಬವೋ?" ಎಂದು ಕೇಳುತ್ತಾರೆ. ಅಪ್ಪ ಗಂಭೀರವಾಗಿ ಮಾವನ ಸುತ್ತಳತೆಯ ಕಡೆ ಕೈ ತೋರಿಸುತ್ತಾರೆ. ಹೋಟೆಲಿನಲ್ಲಿ ಈಗಲೂ ನಿಲ್ಲುತ್ತಾರೆ. ಅಲ್ಲಿ ಏನನ್ನು ಹಿಡಿದುಕೊಳ್ಳುತ್ತಾರೋ, ಅಲ್ಲಿ ಏನೇನು ಸಡಿಲವಾಗಿದೆಯೋ, ಅನುಮಾನ ನನಗೆ ತಪ್ಪಿಲ್ಲ.

ಕಳೆದ ವಾರ ಊಟಕ್ಕೆ ಕೂತಾಗ ಮಾವ ಮೆಲ್ಲಗೆ ಹೇಳಿದ: ಪವಾಯಿಯಲ್ಲಿ ಆಫೀಸಿನ ಹತ್ತಿರವೇ ಒಂದು ರೂಮ್ ಸಿಗುವ ಹಾಗಿದೆ, ಎಷ್ಟು ವರ್ಷ ಅಂತ ನಿಮಗೆ ಭಾರವಾಗಿರುವುದು. ಅಪ್ಪ ಅನ್ನ ಕಲಸುತ್ತಲೇ ಇದ್ದರು.

"ಹೋಗು. ಹೋಗುವಾಗ ನಿನ್ನ ರಾಡುಗಳನ್ನೂ ಕಿತ್ಕೊಂಡು ಹೋಗು."

ಅಮ್ಮನ ಕೈಯ ಸೌಟು ನಿಂತಿತು. ಮಾವ ನನ್ನ ಮುಖ ನೋಡಿದ. "ಕಿತ್ರೆ ಗೋಡೆ ಹಾಳಾಗ್ತದೆ ಭಾವ," ಅಂದ.

"ಅದನ್ನೇ ನಾನೂ ಹೇಳುದು. ಗೋಡೆ ಹಾಳು ಮಾಡ್ಬೇಡ." ಅಪ್ಪ ತಲೆ ಎತ್ತಲಿಲ್ಲ. "ಇರು."

ಆ "ಇರು" ಎಂಬುದನ್ನು ನಾನು ಕನ್ನಡಿಯ ಮುಂದೆ ನಿಂತು ಎಷ್ಟೋ ಸಲ ಹೇಳಿ ನೋಡಿದೆ. ಅಪ್ಪ ಹೇಳಿದ ಹಾಗೆ ಇನ್ನೂ ಬರುತ್ತಿಲ್ಲ.