ಈಲಿಯ ಬೆಂಚಿನ ಮೇಲೆ ಒಬ್ಬರು

ಪ್ರವಾಸದ ಮೂರನೆಯ ದಿನಕ್ಕೆ ನೆವಿಲ್ ಪಿಕರ್ಸ್‌ಗಿಲ್‌ನ ಎಡಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳತೊಡಗಿತ್ತು. ಇಪ್ಪತ್ತೊಂಬತ್ತು ವರ್ಷ ಲೀಡ್ಸ್‌ನಲ್ಲಿ ಸಿಟಿ ಬಸ್ಸು ಓಡಿಸಿದವನು. ಕೂತು ಮಾಡುವ ಕೆಲಸಕ್ಕೆ ಒಗ್ಗಿದ ಮೈ. ಡಿಪೋ ಮುಚ್ಚಿದ ಮೇಲೆ, ಐವತ್ತೆಂಟರ ವಯಸ್ಸಿನಲ್ಲಿ, ಹಳೆಯ ಊರುಗಳನ್ನು ತೋರಿಸುವ ಪ್ರವಾಸದ ಕಂಪನಿಯೊಂದಕ್ಕೆ ಸೇರಿದ್ದ. ಅಲ್ಲಿ ಬೇರೆ ಗೈಡ್ ಇಲ್ಲ. ಜನರನ್ನು ಕರೆದುಕೊಂಡು ಹೋಗುವವನೂ ಡ್ರೈವರೇ, ವಾಪಸು ಕರೆತರುವವನೂ ಡ್ರೈವರೇ. ಇದು ಅವನ ಮೊದಲ ಟ್ರಿಪ್ಪು. ಸುಸೂತ್ರವಾಗಿ ಮುಗಿದರೆ ಕೆಲಸ ಖಾಯಂ. ಇಲ್ಲವಾದರೆ ಮನೆಯ ದಾರಿ.

ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲೇ ಆದರೂ ಇಂಗ್ಲೆಂಡನ್ನು ಅವನು ನೋಡಿರಲಿಲ್ಲ. ಮೊದಲ ದಿನ ಲಿಂಕನ್ ಎಂಬ ಊರಿನ ಕಡಿದಾದ ಓಣಿ ಹತ್ತಿ ಅಲ್ಲಿನ ದೊಡ್ಡ ಚರ್ಚು, ಕತೀಡ್ರಲ್ ಮುಂದೆ ನಿಂತಾಗ ಉಸಿರು ಕಟ್ಟಿದ್ದು ಅದರ ಚೆಲುವಿಗೋ ಏರಿಗೋ ತಿಳಿಯಲಿಲ್ಲ. ಎರಡನೆಯ ದಿನ ಸ್ಟ್ಯಾಮ್‌ಫರ್ಡ್. ಒಂದು ಚರ್ಚಿನಿಂದ ಹೊರಬಿದ್ದರೆ ಎದುರಿಗೆ ಇನ್ನೊಂದು. ಮೂರನೆಯ ದಿನ ಈಲಿಯ ಕತೀಡ್ರಲ್‌ಗೆ ಬರುವ ಹೊತ್ತಿಗೆ ಕಂಬ, ಗೋರಿ, ಬಣ್ಣದ ಗಾಜು ಎಲ್ಲ ತಲೆಯೊಳಗೆ ಕಲಸಿಹೋಗಿದ್ದವು. ಪ್ರಯಾಣಿಕರೂ ದಣಿದಿದ್ದರು. ಮೂವತ್ತೆರಡು ಜನ, ಹೆಚ್ಚಿನವರು ಎಪ್ಪತ್ತು ದಾಟಿದವರು. ದಣಿವಾಯಿತು ಎಂದು ಬಾಯಿಬಿಟ್ಟು ಹೇಳಿದವರು ಮಾತ್ರ ಒಬ್ಬರೂ ಇಲ್ಲ. "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ತಲೆಯೆತ್ತಿ ನೋಡುತ್ತಲೇ ಕಾಲು ಬೆಂಚಿನ ಕಡೆಗೆ ಎಳೆಯುತ್ತಿತ್ತು.

ಇಂಥ ಬಸ್ಸಿನಲ್ಲಿ ಮೊದಲ ದಿನ ಯಾರು ಎಲ್ಲಿ ಕೂತರೋ ವಾರವಿಡೀ ಆ ಸೀಟು ಅವರದೇ. ಹಾಗೆಂದು ಎಲ್ಲೂ ಬರೆದಿಲ್ಲ. ಎರಡನೆಯ ದಿನ ಬೆಳಗ್ಗೆ, ಅಂಚೆ ಇಲಾಖೆಯಿಂದ ನಿವೃತ್ತರಾದ ಮಿಸ್ ಟಫ್ನೆಲ್ ಹತ್ತಿ ಬಂದಾಗ ಅವರ ಕಿಟಕಿಯ ಸೀಟಿನಲ್ಲಿ ಮಿಸ್ಟರ್ ಬ್ರಿಂಡ್ಲಿ ಪೇಪರ್ ಬಿಡಿಸಿ ಕೂತಿದ್ದರು. "ಓ, ನಿಮ್ಮ ಜಾಗವಾ ಇದು?" ಎಂದರು, ಏಳದೆ. "ಇಲ್ಲ ಇಲ್ಲ, ಪರವಾಗಿಲ್ಲ," ಎಂದರು ಮಿಸ್ ಟಫ್ನೆಲ್. ಬಸ್ಸಿಗೆ ಬಸ್ಸೇ ತಣ್ಣಗಾಯಿತು. ಅವರು ಸೀದಾ ಕೊನೆಯ ಸಾಲಿಗೆ ಹೋಗಿ ಒಬ್ಬರೇ ಕೂತರು.

ಅದೇ ಮುಂದೆ ಎಡವಟ್ಟಾಯಿತು. ಸಿಟಿ ಬಸ್ಸಿನಲ್ಲಿ ಯಾರೂ ತಲೆ ಎಣಿಸುವುದಿಲ್ಲ. ಹತ್ತುವವರು ಹತ್ತುತ್ತಾರೆ, ಇಳಿಯುವವರು ಇಳಿಯುತ್ತಾರೆ. ಈಲಿಯಿಂದ ಹೊರಡುವಾಗ ನೆವಿಲ್ ತನಗೆ ಸುಲಭವಾದದ್ದನ್ನೇ ಮಾಡಿದ. ಮೈಕು ಹಿಡಿದು, "ಪಕ್ಕದವರು ಇದ್ದಾರಾ ನೋಡ್ಕೊಳ್ಳಿ. ಇಲ್ದಿದ್ರೆ ಕೂಗಿ," ಎಂದ. ಯಾರೂ ಕೂಗಲಿಲ್ಲ. ಮಿಸ್ ಟಫ್ನೆಲ್‌ಗೆ ಪಕ್ಕದವರೇ ಇರಲಿಲ್ಲ.

ಮುಕ್ಕಾಲು ಗಂಟೆಯ ದಾರಿ. ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನ ಹಳೆಯ ಮಠದ ಹೆಬ್ಬಾಗಿಲ ಬಳಿ ಜನರನ್ನು ಇಳಿಸಿ, ಬಾಗಿಲು ಹಾಕುವ ಮುನ್ನ ಅವನು ಒಳಗೊಮ್ಮೆ ಕಣ್ಣಾಡಿಸಿದ. ಕೊನೆಯ ಸೀಟಿನ ಮೇಲೆ ಒಂದು ಮಳೆಕೋಟು ಮಾತ್ರ ಇತ್ತು.

"ಮಿಸ್ ಟಫ್ನೆಲ್ ಎಲ್ಲಿ?"

"ಈಲಿಯಿಂದ ಅವರು ಹತ್ತಲೇ ಇಲ್ಲವಲ್ಲ," ಎಂದರು ಮಿಸೆಸ್ ಕ್ಲೆಗೆಟ್, ಕೊನೆಯ ಸಾಲಿನ ಮುಂದೆ ಕೂತಿದ್ದ ಹೆಂಗಸು.

"ನೋಡಿದ್ರಾ? ಮತ್ತೆ ಹೇಳೋದಲ್ವಾ ತಾಯಿ!"

"ಸೀಟಿನ ವಿಷಯಕ್ಕೆ ಬೇಜಾರಾಗಿ ರೈಲು ಹಿಡಿದ್ರೇನೋ ಅಂದ್ಕೊಂಡೆ. ಇನ್ನೊಬ್ಬರ ಸಮಾಚಾರದಲ್ಲಿ ನಾವು ಬಾಯಿ ಹಾಕೋದು ಸರಿಯಲ್ಲ, ನೋಡಿ."

ಸುತ್ತ ನಿಂತವರು ತಲೆದೂಗಿದರು. ಎಲ್ಲರೂ ನೋಡಿದ್ದರು. ಬ್ರಿಂಡ್ಲಿಯವರು ತಮ್ಮ ಬೂಟುಗಳನ್ನು ಪರೀಕ್ಷಿಸುತ್ತಿದ್ದರು.

ನೆವಿಲ್ ಖಾಲಿ ಬಸ್ಸನ್ನು ಬಂದ ದಾರಿಯಲ್ಲೇ ತಿರುಗಿಸಿದ. ಎರಡೂ ಬದಿ ಚಪ್ಪಟೆ ಕಪ್ಪು ಹೊಲ. ಕೆಲಸ ಹೋಯಿತು ಎಂಬುದು ಅವನಿಗೆ ಖಚಿತವಾಗಿತ್ತು. ಹೋಗಲಿ, ಮುದುಕಿ ಎಲ್ಲಾದರೂ ಬಿದ್ದಿರದಿದ್ದರೆ ಸಾಕು ಎನ್ನುವಷ್ಟು ಸುಸ್ತಾಗಿದ್ದ.

ಕತೀಡ್ರಲ್ ಎದುರಿನ ಹುಲ್ಲುಹಾಸಿನ ಬೆಂಚಿನಲ್ಲಿ ಅವರು ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಕುಡಿಯುತ್ತಿದ್ದರು.

"ಅಯ್ಯೋ, ನನಗೋಸ್ಕರ ವಾಪಸ್ ಬಂದ್ರಾ? ನಿಮಗೆಷ್ಟು ತೊಂದರೆ ಕೊಟ್ಟೆ, ಮಿಸ್ಟರ್ ಪಿಕರ್ಸ್‌ಗಿಲ್. ಒಳಗೆ ಕೂತವಳಿಗೆ ಜೊಂಪು ಹತ್ತಿಬಿಡ್ತು. ಹೊರಗೆ ಬಂದಾಗ ಬಸ್ಸು ತಿರುವಿನಲ್ಲಿತ್ತು."

"ಕೈ ಬೀಸಲಿಲ್ವಾ?"

"ಬೀಸಿದೆ. ಸ್ವಲ್ಪ."

"ಫೋನಾದ್ರೂ ಮಾಡಬಹುದಿತ್ತಲ್ಲ?"

"ಗಾಡಿ ಓಡಿಸೋರಿಗೆ ಫೋನ್ ಮಾಡ್ತಾರೇನ್ರೀ?"

ನೆವಿಲ್ ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದ. ಪ್ರಯಾಣಿಕರು ತಪ್ಪಿಹೋದರೆ ಡ್ರೈವರೇ ಆಫೀಸಿಗೆ ತಿಳಿಸಬೇಕೆಂಬುದು ನಿಯಮ. ಅಲ್ಲೇ ಕೂತು ಫೋನು ಹಚ್ಚಿ ಆದದ್ದನ್ನು ಹೇಳಿದ. ಆಫೀಸಿನಲ್ಲಿ ಡ್ರೈವರುಗಳ ಮೇಲ್ವಿಚಾರಣೆ ಷೀನಾಳದು. ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು.

"ಅಲ್ಲಯ್ಯ ನೆವಿಲ್, ಎಣಿಸ್ಲಿಲ್ವಾ?"

"ಇಲ್ಲ."

"ಅವರ ಕೈಗೆ ಫೋನ್ ಕೊಡು."

ಮಿಸ್ ಟಫ್ನೆಲ್ ಬೆನ್ನು ನೆಟ್ಟಗೆ ಮಾಡಿಕೊಂಡು ಮಾತಾಡಿದರು. "ನಾನೇ ಇನ್ನಷ್ಟು ಹೊತ್ತು ಇಲ್ಲಿರ್ತೀನಿ ಅಂತ ಅವರಿಗೆ ಹೇಳಿದ್ದೆ. ಬಹಳ ಒಳ್ಳೆಯವರು, ಬಂದು ಕರ್ಕೊಂಡು ಹೋಗ್ತೀನಿ ಅಂದ್ರು."

ನೆವಿಲ್ ಫೋನು ವಾಪಸು ತೆಗೆದುಕೊಂಡ. "ಅದು ಸುಳ್ಳು, ಷೀನಾ. ಅವರು ನನಗೇನೂ ಹೇಳಿರಲಿಲ್ಲ."

"ಸುಳ್ಳು ಅಂತ ನನಗೂ ಗೊತ್ತು. ಅವರು ಉಳಿಸಿದ ಕೆಲಸಾನ ನೀನೇ ಯಾಕಪ್ಪಾ ಕಳ್ಕೋತೀಯಾ?" ಷೀನಾ ನಿಟ್ಟುಸಿರಿಟ್ಟಳು. "ಖಾಯಂ ಈಗ ಮಾಡೋಕಾಗಲ್ಲ. ಇನ್ನೊಂದು ಟ್ರಿಪ್ಪು ನೋಡ್ತೀನಿ. ಸೋಮವಾರ ಕ್ಯಾಂಟರ್ಬರಿ, ಆಮೇಲೆ ಇನ್ನೂ ನಾಲ್ಕು ಊರು."

"ಕತೀಡ್ರಲ್ಲಾ?"

"ಮತ್ತೇನು, ಸಮುದ್ರಸ್ನಾನ ಅಂದ್ಕೊಂಡ್ಯಾ?"

ಬರಿ ಸೇಂಟ್ ಎಡ್ಮಂಡ್ಸ್‌ಗೆ ಮರಳಿದಾಗ ಉಳಿದವರು ಹೆಬ್ಬಾಗಿಲ ಕೆಳಗೆ ಸಾಲುಗಟ್ಟಿ ನಿಂತಿದ್ದರು. "ನಿಮ್ಮನ್ನೆಲ್ಲ ಕಾಯಿಸಿದೆ," ಎಂದರು ಮಿಸ್ ಟಫ್ನೆಲ್. "ಛೆ, ಹಾಗೇನಿಲ್ಲ," ಎಂದಿತು ಇಡೀ ಸಾಲು. ಬಸ್ಸು ಹತ್ತಿದ ಮೇಲೆ ಬ್ರಿಂಡ್ಲಿಯವರು ಕಿಟಕಿಯ ಸೀಟಿನ ಪಕ್ಕ ನಿಂತು, "ದಯವಿಟ್ಟು ನೀವು ಕೂತ್ಕೊಳ್ಳಿ," ಎಂದರು.

"ಬೇಡ ಬೇಡ, ನೀವೇ ಕೂತ್ಕೊಳ್ಳಿ. ನನಗೆ ಹಿಂದೆ ಆರಾಮಾಗಿದೆ."

"ಇಲ್ಲ, ನೀವು ಕೂರಲೇಬೇಕು."

ಇಬ್ಬರೂ ನಿಂತೇ ಇದ್ದರು. ಅವರ ಹಿಂದೆ ಹದಿನೈದು ಜನ, ಯಾರೂ ಬಾಯಿಬಿಡದೆ.

ನೆವಿಲ್ ಮೈಕು ಮುಟ್ಟಲಿಲ್ಲ. ಲೀಡ್ಸ್‌ನ ಸಂಜೆಯ ನೂಕುನುಗ್ಗಲಲ್ಲಿ ಕೂಗುತ್ತಿದ್ದ ದನಿಯಲ್ಲೇ ಕೂಗಿದ: "ತಾಯಿ, ನೀವು ಕಿಟಕೀಲಿ ಕೂತ್ಕೊಳ್ಳಿ! ಯಜಮಾನ್ರೇ, ನೀವು ಅವರ ಪಕ್ಕ! ಎಲ್ಲರೂ ಕೂರೋವರೆಗೂ ಈ ಬಸ್ಸು ಒಂದಿಂಚೂ ಕದಲಲ್ಲ!"

ಇಬ್ಬರೂ ತಕ್ಷಣ ಕೂತರು. ನೆವಿಲ್ ಸೀಟುಗಳ ನಡುವೆ ಕಾಲೆಳೆಯುತ್ತ, ಒಂದೊಂದು ತಲೆಯ ಕಡೆಗೂ ಬೆರಳು ತೋರಿಸಿ ಎಣಿಸುತ್ತ ಹಿಂದಕ್ಕೆ ಹೋದ. ಮೂವತ್ತೆರಡು. ಖಾಲಿಯಾದ ಕೊನೆಯ ಸಾಲಿನಲ್ಲಿ ಒಂದು ನಿಮಿಷ ಕೂತ. ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಎದ್ದು, ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಎಣಿಸತೊಡಗಿದ.