ಪೂಜೆಗೆ ಕೂತ ಪುಸ್ತಕ

ಮಗಳು ಪೋಸ್ಟ್ ಆಫೀಸಿನಲ್ಲಿದ್ದಾಳೆ ಎಂದು ನಮ್ಮವ್ವ ನಮ್ಮೂರು ವಾಗದರಿಯ ತುಂಬ ಹೇಳಿಕೊಂಡು ಬಂದಿದ್ದಾಳೆ. ತಿದ್ದುವ ಗೋಜಿಗೆ ನಾನು ಹೋಗಿಲ್ಲ. ಸೊಲ್ಲಾಪುರದ ಟವೆಲ್ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲರ ಈಮೇಲು ಬಂದು ಹೋಗುವುದು ಅದರಿಂದಲೇ. ಅದು ನಡೆಯುತ್ತಿರುವವರೆಗೆ ನಾನೊಬ್ಬಳು ಇದ್ದೇನೆಂಬ ನೆನಪು ಯಾರಿಗೂ ಇರುವುದಿಲ್ಲ. ಸಂಜೆ ಬಸ್ಸು ಹಿಡಿದು ಅಕ್ಕಲಕೋಟೆಯ ಬಾಡಿಗೆ ಖೋಲಿಗೆ ಬಂದರೆ, ಇವತ್ತು ಏನು ಕೆಟ್ಟಿತ್ತು, ಹೇಗೆ ಸರಿಮಾಡಿದೆ ಎಂದು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ.

ಕೆಲಸ ಕಲಿಸಿದವರು ನನಗಿಂತ ಮೊದಲಿನಿಂದ ಅಲ್ಲಿದ್ದ ಹಿರಿಯರು. ಎಲ್ಲರೂ ಅವರಿಗೆ ಕಾಕಾ ಎನ್ನುತ್ತಿದ್ದರು. ದಪ್ಪನೆಯದೊಂದು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ತಾವೇ ಕಲಿತವರು. ನಾನು ಆಗಷ್ಟೇ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದಿದ್ದೆ, ಬಾಯಿ ಜೋರಿತ್ತು. “ಕಾಕಾ, ಈ ಇಟ್ಟಂಗಿ ಎದಕ್ಕರಿ? ಎಲ್ಲಾ ನೆಟ್ಟಿನ್ಯಾಗ ಐತಲ್ಲ” ಎಂದಿದ್ದೆ. ಅವರು ನಕ್ಕು ಪುಸ್ತಕವನ್ನು ಡ್ರಾವರಿನೊಳಗೆ ಇಟ್ಟರು. ಆಮೇಲೆ ನನ್ನೆದುರು ಅದನ್ನು ತೆರೆದದ್ದು ನಾನು ಕಾಣೆ. ನಾಲ್ಕು ವರ್ಷದ ನಂತರ ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು, ಡ್ರಾವರು ನನ್ನ ಪಾಲಿಗೆ ಬಂತು.

ಒಬ್ಬಳೇ ಉಳಿದ ಮೇಲೆ ನನ್ನ ಜಂಬ ಇಳಿಯಿತು. ನೆಟ್ಟಿನಲ್ಲಿ ಎಲ್ಲವೂ ಇದೆ, ನಿಜ. ಆದರೆ ಒಂದು ಪುಟ ಇನ್ನೊಂದನ್ನು ಓದಿ ಬಾ ಎನ್ನುತ್ತದೆ, ಅದು ಮತ್ತೊಂದರ ಕಡೆ ಕೈ ತೋರಿಸುತ್ತದೆ, ಸರ್ಕಾರಿ ಕಚೇರಿಗೆ ಹೋದ ಹಾಗೆ. ಪುಸ್ತಕ ಹಾಗಲ್ಲ, ಏನೂ ಗೊತ್ತಿಲ್ಲದವರನ್ನು ಕೂರಿಸಿಕೊಂಡು ಮೊದಲಿನಿಂದ ಹೇಳುತ್ತದೆ. ಮೇಲಾಗಿ ಅದರ ಅಂಚಿನಲ್ಲಿ ಕಾಕಾ ಪೆನ್ಸಿಲಿನಲ್ಲಿ ಬರೆದಿದ್ದರು, ಕನ್ನಡದಲ್ಲಿ. ನಾನು ಮರಾಠಿ ಸಾಲಿಯಲ್ಲಿ ಓದಿದವಳು. ಕನ್ನಡ ನನ್ನ ಬಾಯಲ್ಲಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಅಂಕಲಿಪಿ ಕೊಂಡು ಬಸ್ಸಿನಲ್ಲಿ ಅಕ್ಷರ ಕಲಿತೆ. ಪಕ್ಕದಲ್ಲಿ ಕೂತ ಹೆಂಗಸು ಮಗು ಎಷ್ಟನೇ ಇಯತ್ತೆ ಎಂದು ಕೇಳಿದರೆ ಒಂದನೇದು ಎಂದುಬಿಡುತ್ತಿದ್ದೆ.

ಬೇಕಾದ ಪಾಠ ತೆರೆದು, ಅಲ್ಲಿನ ಅಂಚನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಇಲ್ಲಿ ಹುಷಾರು. ಮೊದಲ ಹಳೇದರ ಕಾಪಿ ಇಟ್ಗೋ. ಹೂಂ ಕಾಕಾ ಎಂದು ಗಟ್ಟಿಯಾಗಿಯೇ ಉತ್ತರ ಕೊಡುತ್ತಿದ್ದೆ. ಹುಚ್ಚಿ ಎಂದರೂ ಸರಿಯೆ, ಆ ಖೋಲಿಯಲ್ಲಿ ನನಗಿದ್ದ ಒಬ್ಬರೇ ಒಬ್ಬರು ಅವರು. ಅವರೂ ಹೋದರೆ ನನಗೆ ಯಾರೂ ಇಲ್ಲ ಎಂದು ಹೆದರಿ ಪುಸ್ತಕವನ್ನು ಮನೆಗೂ ಆಫೀಸಿಗೂ ಹೊತ್ತು ತಿರುಗುತ್ತಿದ್ದೆ.

ಖಂಡೇನವಮಿಗೆ, ಆಯುಧಪೂಜೆಯ ದಿನ, ಪೇಢಿಯಲ್ಲಿ ಕತ್ತರಿ, ಟೇಪು, ರಬ್ಬರ್ ಸಿಕ್ಕಾ ಎಲ್ಲ ಪೂಜೆಗೆ ಕೂರುತ್ತವೆ. ದಸರೆಯ ದಿನ ಇಳಿಸುವವರೆಗೆ ಮುಟ್ಟುವಂತಿಲ್ಲ. ಆ ವರ್ಷ ಮಾಲಕರು ನಿನ್ನ ಹತಾರವನ್ನೂ ಇಡು ಎಂದರು. ನನಗೂ ಒಂದು ಹತಾರ ಇದೆ ಎಂದು ಅವರಿಗೆ ಹೊಳೆದದ್ದಕ್ಕೇ ಹಿಗ್ಗಿ ಪುಸ್ತಕ ಇಟ್ಟೆ. ಹಬ್ಬದ ಬಿಡುವು ಎಂದುಕೊಂಡು ಹಿಂದಿನ ಸಂಜೆಯೇ ಸರ್ವರಿಗೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ್ದು ಮಾತ್ರ ನೆನಪಾಗಲಿಲ್ಲ. ಆರತಿಯಾಗಿ ಜನ ಕುರ್ಚಿಗೆ ಬಂದರೆ ಯಾರ ಈಮೇಲೂ ತೆರೆಯಲೊಲ್ಲದು. ಹೊರದೇಶದ ಗಿರಾಕಿಗಳಿಗೆಲ್ಲಿಯ ಖಂಡೇನವಮಿ! ಅವರ ಉತ್ತರಕ್ಕೆ ಎಲ್ಲರೂ ಕಾಯುತ್ತಿದ್ದರು.

ಹತ್ತೇ ನಿಮಿಷ ಪುಸ್ತಕ ತೆಗೆದುಕೊಳ್ಳಲೇ ಎಂದು ಮಾಲಕರನ್ನು ಕೇಳಿದೆ.

“ಪೂಜಿಗೆ ಕುಂತದ್ದು ನಾಳಿ ತನಕ ಏಳಂಗಿಲ್ಲ, ತಂಗಿ. ಬ್ಯಾರೆ ದಾರಿ ನೋಡು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಬೇರೆ ದಾರಿ ಎಂದರೆ ನೆಟ್ಟು. ಆ ಪುಟದಿಂದ ಈ ಪುಟಕ್ಕೆ ಹೋದಂತೆ, ಅಚ್ಚರಿಯೆಂದರೆ, ಎಲ್ಲವೂ ತಿಳಿಯತೊಡಗಿತು. ನಮ್ಮ ಹಳೆಯ ಸೆಟ್ಟಿಂಗಿನ ಹೆಸರನ್ನು ಹೊಸ ಆವೃತ್ತಿ ಬಿಟ್ಟುಬಿಟ್ಟಿತ್ತು. ಹಳೆ ಹೆಸರು, ಹೊಸ ಹೆಸರು ಎರಡರ ಪಟ್ಟಿಯೂ ಅಲ್ಲಿತ್ತು. ಬದಲಿಸಿದೆ, ಈಮೇಲು ಬರತೊಡಗಿದವು. ಜನ ಕೆಲಸಕ್ಕೆ ಕೂತರು. ನಾನು ಒಂದು ಗಳಿಗೆ ಹಿಗ್ಗಿದೆ, ಮರುಗಳಿಗೆ ಅಳು ಬಂತು. ಇನ್ನು ನನಗೆ ಕಾಕಾ ಬೇಕಾಗಿರಲಿಲ್ಲ. ಅವರು ತೀರಿಕೊಂಡ ದಿನ ಕೂಡ ನನಗೆ ಅಷ್ಟು ಒಂಟಿ ಅನಿಸಿರಲಿಲ್ಲ.

ದಸರೆಯ ಬೆಳಿಗ್ಗೆ ಪೂಜೆ ಇಳಿಸಿದರು. ಪುಸ್ತಕದ ಕುಂಕುಮ ಒರೆಸಿ, ಸೆಟ್ಟಿಂಗಿನ ಹೊಸ ಹೆಸರನ್ನು ಕಾಕಾನಿಗೂ ತಿಳಿಸೋಣವೆಂದು ಪೆನ್ಸಿಲು ಹಿಡಿದು ಆ ಪಾಠ ಹುಡುಕಿದೆ. ಆ ಸೆಟ್ಟಿಂಗು ಅವರೇ ಮಾಡಿಟ್ಟದ್ದು. ಅದು ಕೆಟ್ಟಿರಲೇ ಇಲ್ಲವಾದ್ದರಿಂದ ಆ ಪುಟವನ್ನು ನಾನು ತೆರೆದಿರಲಿಲ್ಲ. ಅಂಚಿನಲ್ಲಿ ಸಣ್ಣ ಅಕ್ಷರ. ಓದಲು ಹೊತ್ತು ಹಿಡಿಯಿತು.

“ಇದು ತಿಳೀವಲ್ದು. ಈ ಹುಡುಗೀನ ಕೇಳ್ಲೇನು? ಬ್ಯಾಡ, ನಗತಾಳ.”

ನನಗೆ ಕನ್ನಡ ಓದಲು ಬಾರದೆಂಬ ಧೈರ್ಯದಲ್ಲಿ ಬರೆದಿದ್ದರು. ಅವರ ಮೇಜಿಗೂ ನನ್ನ ಮೇಜಿಗೂ ನಡುವೆ ಒಂದು ಕುರ್ಚಿಯಷ್ಟೇ ಜಾಗವಿತ್ತು. ಅವರು ಕೇಳಿದ್ದರೆ ನಾನು ನಕ್ಕೇ ನಗುತ್ತಿದ್ದೆ.